ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿ ಮಾಡುವ ಆರ್ಕಿಟೆಕ್ಟ್‌ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತೇಳು ವರ್ಷದಿಂದ ಮೈಸೂರಿನಲ್ಲಿ ಸಣ್ಣದೊಂದು ಆಫೀಸು ಇಟ್ಟುಕೊಂಡಿದ್ದೇನೆ. ಮನೆ ಕೆಲಸ ಕೈತುಂಬ ಸಿಗುವ ಊರಲ್ಲಿ ಕೂತು ಶಾಲೆ, ಆಸ್ಪತ್ರೆ, ಗ್ರಂಥಾಲಯ, ತಾಲ್ಲೂಕು ಮಟ್ಟದ ಕಚೇರಿ ಇಂಥವನ್ನೇ ಹೆಚ್ಚು ಮಾಡಿದವಳು. ಮದುವೆ ಊಟದ ಪಂಕ್ತಿಯಲ್ಲಿ, ರೈಲಿನಲ್ಲಿ, ಕಾಲೇಜಿನಲ್ಲಿ ಮಾತಾಡಿ ಕೆಳಗಿಳಿದ ಮೇಲೆ, ಆಗೀಗ ಬರುವ ಪತ್ರಗಳಲ್ಲಿ ಜನ ಕೇಳುವುದು ಹೆಚ್ಚುಕಡಿಮೆ ಇವನ್ನೇ. ಅವರ ಮಾತಿನಲ್ಲೇ ಬರೆದುಕೊಂಡಿದ್ದೇನೆ. ಮೊದಲಿನವು ಯಾರಿಗಾದರೂ ಆದೀತು, ಕೊನೆಕೊನೆಯವು ಈ ಕಸುಬಿಗೆ ಕಾಲಿಟ್ಟವರಿಗೆ.

## ಶುರುವಿನವು

ಅಲ್ಲಮ್ಮ, ಎಂಜಿನಿಯರ್ ಇದ್ದ ಮೇಲೆ ಆರ್ಕಿಟೆಕ್ಟ್ ಯಾಕೆ ಬೇಕು?

ಪಾಯ, ಕಾಲಂ, ಬೀಮುಗಳ ಲೆಕ್ಕ ಎಂಜಿನಿಯರರದ್ದು. ಅದಕ್ಕೆ ನಾನು ಕೈ ಹಾಕುವುದಿಲ್ಲ. ನನ್ನ ಕೆಲಸ ಏನು ಅಂತ ತೋರಿಸಲು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಗರ್ಭಿಣಿಯರ ತಪಾಸಣೆಯ ದಿನ ಬೆಳಿಗ್ಗೆ ಒಂಬತ್ತಕ್ಕೇ ನಲವತ್ತು ಹೆಂಗಸರು ಸೇರಿರುತ್ತಾರೆ, ಜೊತೆಗೆ ಅತ್ತೆಯೋ ಅಮ್ಮನೋ. ಎಲ್ಲರೂ ಮೂತ್ರ ಪರೀಕ್ಷೆಗೆ ಸ್ಯಾಂಪಲ್ ಕೊಡಬೇಕು. ನಾನು ನೋಡಿದ ಒಂದು ಕೇಂದ್ರದಲ್ಲಿ ಶೌಚಾಲಯ ಈ ತುದಿ, ಲ್ಯಾಬ್ ಆ ತುದಿ, ನಡುವೆ ಗಂಡಸರು ಕೂತ ಓಪಿಡಿ ಹಾಲ್. ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆ ಹಾಲ್ ದಾಟುತ್ತಿದ್ದರು. ಕಟ್ಟಡ ಗಟ್ಟಿಯಾಗಿತ್ತು, ಒಂದು ಬಿರುಕೂ ಇರಲಿಲ್ಲ. ಶೌಚಾಲಯವನ್ನೂ ಲ್ಯಾಬನ್ನೂ ಒಂದೇ ಗೋಡೆಯ ಆಚೀಚೆ ಇಟ್ಟು, ಗೋಡೆಯಲ್ಲಿ ಒಂದು ಕಿಂಡಿ ಬಿಟ್ಟಿದ್ದರೆ ಸಾಕಿತ್ತು. ಆ ಕಿಂಡಿ ನನ್ನ ಕೆಲಸ.

ಕಾನೂನಿನ ಮಾತು ಬೇಕಿದ್ದರೆ: 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ಆರ್ಕಿಟೆಕ್ಟ್ ಅಂತ ಹೆಸರು ಹಾಕಿಕೊಳ್ಳಬಹುದು. ಕಾಯ್ದೆ ಕಾಯುವುದು ಆ ಹೆಸರನ್ನಷ್ಟೇ, ನಕ್ಷೆ ಬರೆಯಲು ಬೇರೆಯವರಿಗೆ ಅಡ್ಡಿಯಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಎಂಜಿನಿಯರುಗಳನ್ನು ಕಮ್ಮಿ ಮಾಡಿ ಮಾತಾಡುವ ಚಪಲ ನನಗಿಲ್ಲ. ವಿಧಾನಸೌಧ ಎದ್ದು ನಿಂತಿದ್ದು ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರ ಕೈಯಲ್ಲಿ.

ನೀವು ವಾಸ್ತು ನೋಡಿ ಮಾಡ್ತೀರಾ?

ವಾಸ್ತುಶಿಲ್ಪಿ ಅನ್ನುವ ಪದದಿಂದ ನನಗಾದ ತೊಂದರೆ ಅಷ್ಟಿಷ್ಟಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ಹಾಗೆ ಹಾಕಿಸಿದ್ದ ಎರಡು ವರ್ಷವೂ ಬೋರ್‌ವೆಲ್ ಯಾವ ಮೂಲೆಗೆ ಅಂತ ಫೋನು ಬರುತ್ತಿತ್ತು. ಸರ್ಕಾರಿ ಕಟ್ಟಡಕ್ಕೆ ವಾಸ್ತು ಕೇಳುವವರಿಲ್ಲ ಅಂದುಕೊಂಡರೆ ಅದೂ ತಪ್ಪು. ಎಷ್ಟೋ ಅಧಿಕಾರಿಗಳು ನಕ್ಷೆಯಲ್ಲಿ ಮೊದಲು ಹುಡುಕುವುದು ತಮ್ಮ ಛೇಂಬರಿನ ಬಾಗಿಲನ್ನು.

ಆದರೂ ಒಂದು ಕಥೆ ಹೇಳಲೇಬೇಕು. ಅಕ್ಷರ ದಾಸೋಹ ಶುರುವಾದ ಹೊಸತು. ಒಂದು ಹಳ್ಳಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಕೋಣೆಯನ್ನು ಪಶ್ಚಿಮಕ್ಕೆ ಇಟ್ಟೆ, ನಲ್ಲಿ ಅಲ್ಲಿಗೆ ಹತ್ತಿರ ಅಂತ. ಊರಿನ ಹಿರಿಯರೊಬ್ಬರು "ಆಗ್ನೇಯಕ್ಕೆ ಹಾಕ್ಸಿ ತಾಯಿ" ಅಂದರು. ನಕ್ಕು ಸುಮ್ಮನಾದೆ. ಜೂನ್ ಬಂತು, ನೈಋತ್ಯದ ಗಾಳಿ ಎದ್ದಿತು, ಸೌದೆ ಒಲೆಯ ಹೊಗೆ ನೇರ ಐದನೇ ಕ್ಲಾಸಿಗೆ. ಮಕ್ಕಳು ಕಣ್ಣುಜ್ಜಿಕೊಳ್ಳುತ್ತ ಮಗ್ಗಿ ಹೇಳುತ್ತಿದ್ದರು. ಆಗ್ನೇಯದ ಮೂಲೆಯಲ್ಲಿದ್ದಿದ್ದರೆ ಹೊಗೆ ಪೂರ್ವದ ಗದ್ದೆ ಕಡೆ ಹೋಗಿರುತ್ತಿತ್ತು. ವಾಸ್ತುವಿನಲ್ಲಿ ಗಾಳಿ ಬಿಸಿಲಿನ ಹಳೆಯ ಅನುಭವ ಎಷ್ಟು, ಆಮೇಲೆ ಸೇರಿಕೊಂಡ ಹೆದರಿಕೆ ಎಷ್ಟು ಅಂತ ಬಿಡಿಸಿ ನೋಡುವ ತಾಳ್ಮೆ ನನಗೆ ಅಂದಿನಿಂದ ಬಂತು. ರೋಗಿ ನಡೆಯುವ ದಾರಿ ಉದ್ದವಾಗುತ್ತದೆ ಅಂದರೆ ಮಾತ್ರ ಯಾವ ದಿಕ್ಕಿನ ಮಾತನ್ನೂ ಕೇಳುವುದಿಲ್ಲ.

ಬಂಗಲೆ, ಅಪಾರ್ಟ್‌ಮೆಂಟ್ ಬಿಟ್ಟು ಇವನ್ನೇ ಯಾಕೆ ಹಿಡಿದ್ರಿ?

ಹಿಡಿದದ್ದಲ್ಲ, ಸಿಕ್ಕಿಕೊಂಡದ್ದು. ಮೊದಲ ಕೆಲಸ ಒಂದು ಟ್ರಸ್ಟಿನ ಶಾಲೆಗೆ ನಾಲ್ಕು ಕೊಠಡಿ ಸೇರಿಸುವುದು. ಮನೆ ಕಟ್ಟಿಸುವವರು ದುಡ್ಡನ್ನೂ ಕೊಡುತ್ತಾರೆ, ಅದರಲ್ಲೇ ವಾಸವೂ ಇರುತ್ತಾರೆ. ಕಿಟಕಿ ಸರಿಯಿಲ್ಲದಿದ್ದರೆ ಮಾರನೇ ದಿನ ಫೋನ್ ಮಾಡಿ ಬಯ್ಯುತ್ತಾರೆ. ಶಾಲೆಯಲ್ಲಿ ಚೆಕ್ ಬರೆಯುವವರು ಟ್ರಸ್ಟಿಗಳು, ಕಟ್ಟಡವನ್ನು ಅನುಭವಿಸುವವರು ಮಕ್ಕಳು, ಮೇಷ್ಟ್ರು, ಗುಡಿಸುವ ಆಯಾ. ಇವರ್ಯಾರೂ ಮೀಟಿಂಗಿಗೆ ಬರುವುದಿಲ್ಲ. ಬಾರದವರ ಪರವಾಗಿ ಮೀಟಿಂಗಿನಲ್ಲಿ ವಾದ ಮಾಡುವುದು ಅಭ್ಯಾಸವಾಯಿತು, ಆಮೇಲೆ ಬಿಡಲಾಗಲಿಲ್ಲ.

## ಓದು, ಸಂಬಳ, ಸೈಟು

ಮಗಳಿಗೆ ಡ್ರಾಯಿಂಗ್ ಚೆನ್ನಾಗಿ ಬರುತ್ತೆ, ಆರ್ಕಿಟೆಕ್ಚರ್‌ಗೆ ಸೇರಿಸಬಹುದಾ?

ಸೇರಿಸಬಹುದು. ಡ್ರಾಯಿಂಗ್ ಬರದಿದ್ದರೂ ಸೇರಿಸಬಹುದು, ಅದನ್ನು ಕಲಿಸುತ್ತಾರೆ. ಬಿ.ಆರ್ಕ್. ಐದು ವರ್ಷ, ಅದರೊಳಗೆ ಒಂದು ಅವಧಿ ಯಾವುದಾದರೂ ಆಫೀಸಿನಲ್ಲಿ ತರಬೇತಿ. ಪಿಯುಸಿಯಲ್ಲಿ ಗಣಿತ ಇರಲಿ, ನಾಟಾ ಅನ್ನುವ ಪ್ರವೇಶ ಪರೀಕ್ಷೆ ಬರೆಯಲಿ. ನಮ್ಮ ರಾಜ್ಯದ ಸೀಟು ಹಂಚುವುದು ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ; ನಾಟಾ ಅಂಕವನ್ನೂ ಪಿಯುಸಿ ಅಂಕವನ್ನೂ ಸೇರಿಸಿ ರ‍್ಯಾಂಕ್ ಕೊಡುತ್ತಾರೆ. ಎನ್‌ಐಟಿ, ಕೇಂದ್ರದ ಆರ್ಕಿಟೆಕ್ಚರ್ ಶಾಲೆಗಳಾದ ಎಸ್‌ಪಿಎಗಳಿಗೆ ಜೆಇಇ ಮೇನ್‌ನ ಎರಡನೇ ಪೇಪರು. ಸಣ್ಣಪುಟ್ಟ ನಿಯಮ ಬದಲಾಗುತ್ತಲೇ ಇರುತ್ತದೆ, ಆಯಾ ವರ್ಷದ ಪ್ರಕಟಣೆ ನೋಡಿಕೊಳ್ಳಿ.

ನನ್ನನ್ನು ಕೇಳಿದರೆ ಪರೀಕ್ಷೆ ಬೇರೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ಗಂಟೆ ಕಾಯಬೇಕಾಗಿ ಬಂದಾಗ ಆ ಹುಡುಗಿ ಏನು ನೋಡುತ್ತಾಳೆ? ಬೆಂಚು ಖಾಲಿ ಇದ್ದರೂ ಜನ ಆ ಕಂಬಕ್ಕೇ ಯಾಕೆ ಒರಗುತ್ತಾರೆ, ಮುದುಕರು ಯಾಕೆ ಮೆಟ್ಟಿಲ ಅಂಚಿನಲ್ಲಿ ಕೂರುತ್ತಾರೆ ಅಂತ ಕುತೂಹಲ ಪಡುವವಳಾದರೆ ಕಣ್ಣುಮುಚ್ಚಿ ಸೇರಿಸಿ.

ಸಂಬಳ ಎಷ್ಟು ಬರುತ್ತೆ ಮೇಡಂ, ನಿಜ ಹೇಳಿ.

ನನ್ನ ಮೊದಲ ಸಂಬಳ ಮೂರೂವರೆ ಸಾವಿರ, ಬೆಂಗಳೂರಿನಲ್ಲಿ. ಆ ದಿನಕ್ಕೂ ಅದು ಕಮ್ಮಿಯೇ. ಕಾಲ ಬದಲಾದರೂ ಐದು ವರ್ಷ ಓದಿದವರ ಶುರುವಿನ ಸಂಬಳ ಸಾಫ್ಟ್‌ವೇರಿನವರ ಮುಂದೆ ಹೇಳಿಕೊಳ್ಳುವ ಹಾಗಿಲ್ಲ. ಮೂವತ್ತೈದು ದಾಟಿದ ಮೇಲೆ ಸುಧಾರಿಸುತ್ತದೆ. ಸಾರ್ವಜನಿಕ ಕೆಲಸದಲ್ಲಿ ಫೀಸು ಬರುವುದೇನೋ ಬರುತ್ತದೆ, ಆದರೆ ಮಾರ್ಚ್ ಕೊನೆಗೆ, ಅದೂ ಗ್ರಾಂಟ್ ಬಿಡುಗಡೆಯಾದರೆ. ನಾನು ವರ್ಷಕ್ಕೆ ಎರಡು ಮೂರು ಮನೆ ಮಾಡುವುದು ಆಫೀಸಿನ ಬಾಡಿಗೆಗೆ. ಇದನ್ನು ಮುಚ್ಚಿಟ್ಟು ಹುಡುಗರಿಗೆ ಆದರ್ಶ ಬೋಧಿಸುವುದು ನನಗೆ ಸರಿಕಾಣುವುದಿಲ್ಲ.

ಹೆಣ್ಣುಮಕ್ಕಳಿಗೆ ಸೈಟ್ ಕೆಲಸ ಕಷ್ಟ ಅಲ್ವಾ?

ಮೇಸ್ತ್ರಿಗಳಿಂದ ನನಗೆ ತೊಂದರೆ ಆಗಿದ್ದು ಕಮ್ಮಿ. ಕೆಲಸ ಗೊತ್ತಿದೆ ಅಂತ ತಿಳಿದರೆ ಗಂಡಸರಿಗೆ ಕೊಡುವ ಮರ್ಯಾದೆಯನ್ನೇ ಕೊಡುತ್ತಾರೆ. ಕಷ್ಟ ಅಂದರೆ ಶೌಚಾಲಯ. ಬೆಳಿಗ್ಗೆ ಎಂಟಕ್ಕೆ ಸೈಟಿಗೆ ಹೋಗುವ ದಿನ ನೀರು ಕುಡಿಯದೆ ಹೋಗುತ್ತಿದ್ದೆ. ಹತ್ತು ವರ್ಷ ಹಾಗೇ ಕಳೆದ ಮೇಲೆ ಹೊಳೆಯಿತು: ಗಾರೆ ಹೊರುವ ಹೆಂಗಸರು ದಿನವೂ ಹಾಗೇ ಇರುತ್ತಾರೆ. ಸೈಟಿನಲ್ಲಿ ಶೌಚಾಲಯ ಇರಲೇಬೇಕು ಅಂತ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯೇ ಹೇಳಿತ್ತು. ಈಗ ನನ್ನ ಟೆಂಡರ್ ಪಟ್ಟಿಯ ಮೊದಲ ಐಟಂ ಅದೇ, ಬಾಗಿಲು ಚಿಲಕ ಸಮೇತ.

## ಶಾಲೆಗಳ ಬಗ್ಗೆ

ಸರ್ಕಾರಿ ಶಾಲೆಗೆ ಟೈಪ್ ಡಿಸೈನ್ ಇದೆಯಲ್ಲ, ಅದನ್ನೇ ಕಟ್ಟಿದ್ರೆ ಆಗಲ್ವಾ?

ಟೈಪ್ ಡಿಸೈನ್ ಅಂದರೆ ಎಲ್ಲ ಊರಿಗೂ ಒಂದೇ ಸಿದ್ಧ ನಕ್ಷೆ. ಅದನ್ನು ನಾನು ಹಳಿಯುವುದಿಲ್ಲ. ಅಂದಾಜುಪಟ್ಟಿ ತಯಾರಿರುತ್ತದೆ, ಮಂಜೂರಾತಿ ಬೇಗ ಆಗುತ್ತದೆ, ಕಂಟ್ರಾಕ್ಟರಿಗೂ ಕೈಗೆ ಕೂತಿರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಕೇಳುವುದೆಲ್ಲ, ಅಂದರೆ ಒಬ್ಬ ಶಿಕ್ಷಕರಿಗೆ ಒಂದು ಕೊಠಡಿ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆಕೋಣೆ, ಆಟದ ಬಯಲು, ಕಾಂಪೌಂಡು, ಗಾಲಿಕುರ್ಚಿ ಹೋಗುವ ದಾರಿ, ಎಲ್ಲವನ್ನೂ ಒಂದು ಹಾಳೆಯಲ್ಲಿ ಕೂರಿಸಬಹುದು.

ಎಡವಟ್ಟಾಗುವುದು ಕಾರವಾರಕ್ಕೂ ಕಲಬುರಗಿಗೂ ಅದೇ ಹಾಳೆ ಹೋದಾಗ. ಕರಾವಳಿಯ ಮಳೆ ಓರೆಯಾಗಿ ಹೊಡೆಯುತ್ತದೆ, ಆರಡಿ ಅಗಲದ ಪಡಸಾಲೆ ಪೂರ್ತಿ ತೊಯ್ದು ಮಕ್ಕಳ ಚಪ್ಪಲಿ ತೇಲುತ್ತವೆ. ಅಲ್ಲಿ ಇಳಿಜಾರು ಮಾಡು, ಮುಂದಕ್ಕೆ ಚಾಚಿದ ಸೂರು ಬೇಕು. ಕಲಬುರಗಿಯಲ್ಲಿ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟಿ ಹೋಗುತ್ತದೆ. ಅಲ್ಲಿಗೆ ದಪ್ಪ ಗೋಡೆ, ಎತ್ತರದಲ್ಲಿ ಬಿಸಿಗಾಳಿ ಹೊರಹೋಗುವ ಕಿಂಡಿ ಬೇಕು. ಶಹಾಬಾದ್ ಕಲ್ಲು ಪಕ್ಕದಲ್ಲೇ ಸಿಗುವಾಗ ದೂರದಿಂದ ಟೈಲ್ಸ್ ತರಿಸುವುದು ಯಾಕೆ?

ಇನ್ನೊಂದು ಸಣ್ಣ ವಿಷಯ, ಆದರೆ ನನಗೆ ಬಹಳ ಪ್ರೀತಿಯದು. ಉತ್ತರದ ಕಿಟಕಿಗೆ ಬಿಸಿಲು ಬೀಳುವುದಿಲ್ಲ, ಸಜ್ಜಾ ಬೇಡ ಅಂತ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆವು. ಮೈಸೂರು ಇರುವುದು 12 ಡಿಗ್ರಿ ಅಕ್ಷಾಂಶದ ಆಸುಪಾಸು. ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನಮ್ಮ ನೆತ್ತಿ ದಾಟುತ್ತಾನೆ. ಪತ್ರಿಕೆಗಳು ಶೂನ್ಯ ನೆರಳಿನ ದಿನ ಅಂತ ಬರೆಯುವುದು ಅದನ್ನೇ. ಅಲ್ಲಿಂದ ಆಗಸ್ಟ್ ಮೂರನೇ ವಾರದ ತನಕ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಶಾಲೆ ತೆರೆಯುವ ಜೂನ್ ಅದರೊಳಗೇ ಬಂತಲ್ಲ! ನಮ್ಮಲ್ಲಿ ಉತ್ತರಕ್ಕೂ ಸಜ್ಜಾ ಬೇಕೇ ಬೇಕು.

ಒಳ್ಳೆ ಕ್ಲಾಸ್‌ರೂಮ್ ಅಂದ್ರೆ ಏನು? ಸ್ಮಾರ್ಟ್ ಬೋರ್ಡಾ?

ಹಿಂದಿನ ಸಾಲಿನ ಮಗುವಿಗೆ ಬೋರ್ಡು ಕಾಣಬೇಕು, ಮೇಷ್ಟ್ರ ಮಾತು ಕೇಳಬೇಕು, ಮಧ್ಯಾಹ್ನ ಎರಡು ಗಂಟೆಗೆ ನಿದ್ದೆ ಬರಬಾರದು. ಸ್ಮಾರ್ಟ್ ಬೋರ್ಡು ಹಾಕಿದ ಎಷ್ಟೋ ಕಡೆ ಅದರ ಎದುರು ಗೋಡೆಯಲ್ಲೇ ದೊಡ್ಡ ಕಿಟಕಿ ಇರುತ್ತದೆ, ಬೋರ್ಡಿನಲ್ಲಿ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ತಗಡಿನ ಮಾಡಿನ ಕೊಠಡಿಯಲ್ಲಿ ಮಳೆ ಬಂದರೆ ಪಾಠ ಬಂದ್.

ತಗಡನ್ನೇ ಜಾಣತನದಿಂದ ಬಳಸಿದ ಶಾಲೆಯೊಂದಿದೆ. ಆಫ್ರಿಕಾದ ಬುರ್ಕಿನಾ ಫಾಸೋದಲ್ಲಿ ಗಾಂಡೋ ಅಂತ ಒಂದು ಹಳ್ಳಿ. ಆ ಊರಿನವರೇ ಆದ ಫ್ರಾನ್ಸಿಸ್ ಕೆರೆ (ಹೆಸರು ಕೇಳಿ ನಮ್ಮವರೇ ಅಂದುಕೊಳ್ಳಬೇಡಿ) 2001ರಲ್ಲಿ ಅಲ್ಲಿ ಪ್ರಾಥಮಿಕ ಶಾಲೆ ಕಟ್ಟಿ ಮುಗಿಸಿದರು. ಮಣ್ಣಿನ ಇಟ್ಟಿಗೆಯ ಗೋಡೆ, ಇಟ್ಟಿಗೆಯದೇ ಒಳಛಾವಣಿ, ಅದರ ಮೇಲೆ ಅಂತರ ಬಿಟ್ಟು ಎತ್ತರದಲ್ಲಿ ತಗಡು. ತಗಡು ಕಾದರೂ ನಡುವಿನ ಗಾಳಿ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. 2022ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು, ಆರ್ಕಿಟೆಕ್ಟುಗಳ ಪಾಲಿಗೆ ಅತಿ ದೊಡ್ಡದು. ಮಣ್ಣಿನ ಇಟ್ಟಿಗೆಯ ವಿದ್ಯೆ ನಮಗೂ ಹೊಸದಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಕಟ್ಟಿದ ಅಸ್ತ್ರ ಕೇಂದ್ರ ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಊರಿನವರಿಗೆ ಮಾತ್ರ ಮಣ್ಣು ಅಂದರೆ ಬಡತನ. "ನಮ್ ಮಕ್ಳಿಗೆ ಮಣ್ಣಿನ ಸ್ಕೂಲಾ?" ಅಂತ ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಸಭೆಯಲ್ಲಿ ಕೇಳಿದವರಿಗೆ ನನ್ನ ಬಳಿ ಇವತ್ತಿಗೂ ಒಪ್ಪಿಸುವಂಥ ಉತ್ತರವಿಲ್ಲ.

ಟಾಯ್ಲೆಟ್ ಕಟ್ಟಿಸಿಕೊಟ್ರೂ ಮಕ್ಕಳು ಬಳಸಲ್ವಲ್ಲ, ಯಾಕೆ?

ಒಂದು ದಿನ ಪೂರ್ತಿ ಶಾಲೆಯಲ್ಲಿ ಕೂತು ನೋಡಿ, ಗೊತ್ತಾಗುತ್ತದೆ. ಮೊದಲನೆಯದು, ಬೀಗದ ಕೈ ಹೆಡ್‌ಮೇಷ್ಟ್ರ ಡ್ರಾಯರಿನಲ್ಲಿ. ಏಳನೇ ಕ್ಲಾಸಿನ ಹುಡುಗಿ ಅವರ ಹತ್ತಿರ ಹೋಗಿ ಕೇಳಬೇಕು. ಎರಡನೆಯದು, ಬಾಗಿಲು ಆಟದ ಬಯಲಿಗೆ ಮುಖ ಮಾಡಿರುತ್ತದೆ. ಎದುರಿಗೆ ಆರಡಿಯ ಒಂದು ಅಡ್ಡಗೋಡೆ ಹಾಕಿದರೆ ಮುಗಿಯುವ ವಿಷಯ. ಒಳಗೆ ಹೋದರೆ ಲಂಗ ಎತ್ತಿಕಟ್ಟಿಕೊಳ್ಳುವಾಗ ಪುಸ್ತಕದ ಚೀಲ ಎಲ್ಲಿಡಬೇಕು? ಒಂದು ಮೊಳೆಯೂ ಇರುವುದಿಲ್ಲ. ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇಲ್ಲ. ನೀರಿನ ತೊಟ್ಟಿ ಹೊರಗೆ.

ಬೇರೆಯವರ ತಪ್ಪು ಹೇಳಿದ್ದಾಯಿತು, ನನ್ನದೂ ಕೇಳಿ. ಕೈತೊಳೆಯುವ ಕಟ್ಟೆಯನ್ನು ನನ್ನ ಸೊಂಟದೆತ್ತರಕ್ಕೆ ಬರೆದಿದ್ದೆ. ಶಾಲೆ ಶುರುವಾದ ತಿಂಗಳಿಗೆ ಹೋದರೆ ಒಂದನೇ ಕ್ಲಾಸಿನವರು ಇಟ್ಟಿಗೆ ಜೋಡಿಸಿಕೊಂಡು ಹತ್ತಿ ಕೈ ತೊಳೆಯುತ್ತಿದ್ದರು, ನೀರು ಮೊಣಕೈಯಿಂದ ಇಳಿದು ಅಂಗಿಯೊಳಗೆ. ಈಗ ಎರಡು ಎತ್ತರದಲ್ಲಿ ಮಾಡುತ್ತೇನೆ.

## ಆಸ್ಪತ್ರೆಗಳ ಬಗ್ಗೆ

ಆಸ್ಪತ್ರೆ ಒಳಗೆ ಹೋದ್ರೆ ದಾರಿನೇ ಸಿಗಲ್ಲ. ಬೇಕೂಂತ ಹಾಗೆ ಕಟ್ತೀರಾ?

ಬೇಕೂಂತ ಯಾರೂ ಮಾಡುವುದಿಲ್ಲ. ಆಸ್ಪತ್ರೆ ಕಂತುಕಂತಾಗಿ ಬೆಳೆಯುತ್ತದೆ. ಒಂದು ಸರ್ಕಾರ ಹೆರಿಗೆ ವಾರ್ಡು ಕೊಡುತ್ತದೆ, ಇನ್ನೊಂದು ಟ್ರಾಮಾ ಕೇಂದ್ರ ಕೊಡುತ್ತದೆ, ದಾನಿಯೊಬ್ಬರು ಡಯಾಲಿಸಿಸ್ ಕಟ್ಟಡ ಕೊಡುತ್ತಾರೆ. ಎಲ್ಲವನ್ನೂ ತಗಡಿನ ದಾರಿ ಕೂಡಿಸುತ್ತದೆ. ಬೋರ್ಡು ಹೆಚ್ಚು ಹಾಕಿದಷ್ಟೂ ಗೊಂದಲ ಹೆಚ್ಚು, ಓದಲು ಬಾರದವರಿಗಂತೂ ಉಪಯೋಗವೇ ಇಲ್ಲ. ಬಾಗಿಲಲ್ಲಿ ನಿಂತರೆ ಒಂದು ಅಂಗಳ, ಅಂಗಳದ ಸುತ್ತ ವಿಭಾಗಗಳು, ಇಷ್ಟಾದರೆ ಅರ್ಧ ದಾರಿ ತಾನಾಗಿ ತಿಳಿಯುತ್ತದೆ. "ಬೇವಿನ ಮರದ ಎದುರಿನ ಬಾಗ್ಲು" ಅಂತ ಸೆಕ್ಯುರಿಟಿಯವನು ಹೇಳುವಂತಿರಬೇಕು.

ರೋಗಿ ಜೊತೆ ಬಂದವರಿಗೆ ಮಲಗೋಕೆ ಜಾಗ ಯಾಕೆ ಇಡಲ್ಲ?

ಲೆಕ್ಕ ಹಾಕುವುದು ಹಾಸಿಗೆಯ ಮೇಲೆ. ನೂರು ಹಾಸಿಗೆ ಅಂದರೆ ನೂರು ರೋಗಿ. ನಮ್ಮ ಊರುಗಳಲ್ಲಿ ನೂರು ಹಾಸಿಗೆ ಅಂದರೆ ಇನ್ನೂರೈವತ್ತು ಜನ. ರಾತ್ರಿ ಹತ್ತಕ್ಕೆ ಯಾವುದಾದರೂ ಜಿಲ್ಲಾಸ್ಪತ್ರೆಯ ಕಾರಿಡಾರಿನಲ್ಲಿ ನಡೆದು ನೋಡಿ. ಚಾಪೆ, ಸ್ಟೀಲ್ ಕ್ಯಾರಿಯರ್, ಒಂದೇ ಪ್ಲಗ್ಗಿಗೆ ನೇತುಬಿದ್ದ ನಾಲ್ಕು ಮೊಬೈಲು, ಕಿಟಕಿ ಸರಳಿಗೆ ಒಣಹಾಕಿದ ಟವೆಲ್ಲು. ಔಷಧಿ ತರುವುದು, ರೋಗಿಯನ್ನು ಎತ್ತಿ ಕೂರಿಸುವುದು, ಬೆಡ್‌ಪ್ಯಾನ್ ಹಿಡಿಯುವುದು ಎಲ್ಲ ಇವರೇ. ಸಂಬಳವಿಲ್ಲದ ಈ ಸಿಬ್ಬಂದಿ ಇಲ್ಲದಿದ್ದರೆ ವಾರ್ಡು ನಡೆಯುವುದಿಲ್ಲ. ನಕ್ಷೆಯಲ್ಲಿ ಮಾತ್ರ ಇವರಿಗೆ ಒಂದು ಚದರಡಿಯೂ ಇರುವುದಿಲ್ಲ.

ತಂಗುದಾಣ ಅಂತ ಬೇರೆ ಕಟ್ಟಡ ಬರೆದರೆ ದುಡ್ಡು ಕಮ್ಮಿ ಬಿದ್ದಾಗ ಮೊದಲ ಕತ್ತರಿ ಅದಕ್ಕೇ. ಹಾಗಾಗಿ ನಾನೊಂದು ಉಪಾಯ ಕಲಿತಿದ್ದೇನೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಆಸ್ಪತ್ರೆಯ ಕಾರಿಡಾರಿಗೆ ಕೇಳುವ ಅಗಲ 2.4 ಮೀಟರು. ಅಷ್ಟನ್ನು ಖಾಲಿ ಬಿಟ್ಟು, ಅದರಾಚೆ ಗೋಡೆಗುಂಟ ಮಲಗುವಷ್ಟು ಅಗಲದ ಕಲ್ಲಿನ ಕಟ್ಟೆ, ಕಟ್ಟೆಯ ಕೆಳಗೆ ಸಾಮಾನಿಡಲು ಗೂಡು, ಮೇಲೆ ಸಾಲಾಗಿ ಪ್ಲಗ್ಗು. ಅಂದಾಜಿನಲ್ಲಿ ಎಲ್ಲವೂ "ಕಾರಿಡಾರ್". ಇದುವರೆಗೆ ಯಾರೂ ಕತ್ತರಿಸಿಲ್ಲ.

ಹಳೆ ಆಸ್ಪತ್ರೆಗಳಲ್ಲಿ ಗಾಳಿ ಬೆಳಕು ಚೆನ್ನಾಗಿತ್ತು, ಈಗಿನವು ಯಾಕೆ ಡಬ್ಬಿ ಥರ?

ಆ್ಯಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಗಾಳಿಯೇ ಔಷಧಿ. ಫ್ಲಾರೆನ್ಸ್ ನೈಟಿಂಗೇಲ್ ಹೇಳಿಕೊಟ್ಟ ವಾರ್ಡು ಉದ್ದನೆಯ ಒಂದು ಹಾಲ್. ಎರಡೂ ಬದಿಗೆ ಹಾಸಿಗೆಯ ಸಾಲು, ಹಾಸಿಗೆಗಳ ನಡುವೆ ಎತ್ತರದ ಕಿಟಕಿ. ಒಂದು ಕಡೆಯ ಗಾಳಿ ಇನ್ನೊಂದು ಕಡೆಯಿಂದ ಹೊರಗೆ. ಕೂತಲ್ಲಿಂದಲೇ ಸಿಸ್ಟರ್‌ಗೆ ಎಲ್ಲರೂ ಕಾಣುತ್ತಾರೆ. ಮರೆ ಅನ್ನುವುದು ಮಾತ್ರ ಇಲ್ಲ, ಪಕ್ಕದ ಹಾಸಿಗೆಯ ನರಳಾಟ ರಾತ್ರಿಯಿಡೀ. ಹಳೆಯದೆಲ್ಲ ಸ್ವರ್ಗ ಅನ್ನುವವರು ಅಲ್ಲಿ ಒಂದು ರಾತ್ರಿ ಕಳೆದಿರಲಿಕ್ಕಿಲ್ಲ.

ಏಸಿ ಬಂದ ಮೇಲೆ ಕಟ್ಟಡದ ಹೊಟ್ಟೆ ದಪ್ಪವಾಯಿತು, ಒಳಗಿನ ಕೋಣೆಗೆ ಕಿಟಕಿಯೇ ಬೇಡವಾಯಿತು. ಕಿಟಕಿಯ ಬೆಲೆ ಏನು ಅಂತ ಅಮೆರಿಕದ ಸಂಶೋಧಕ ರೋಜರ್ ಉಲ್‌ರಿಚ್ 1984ರಲ್ಲಿ ತೋರಿಸಿದರು. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳ ದಾಖಲೆ ಹೋಲಿಸಿದರೆ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ಬಲವಾದ ನೋವಿನ ಔಷಧಿಯೂ ಅವರಿಗೆ ಕಮ್ಮಿ ಬೇಕಾಗಿತ್ತು. ಇದಕ್ಕೂ ಮೊದಲೇ, 1933ರಲ್ಲಿ, ಫಿನ್ಲೆಂಡಿನ ಪೈಮಿಯೊ ಕ್ಷಯರೋಗ ಆಸ್ಪತ್ರೆಯಲ್ಲಿ ಆಲ್ವಾರ್ ಆಲ್ಟೊ ಮಲಗಿದವನ ಕಣ್ಣಿನಿಂದ ಕೋಣೆ ನೋಡಿದ್ದರು. ಸೀಲಿಂಗಿಗೆ ಕಣ್ಣಿಗೆ ತಂಪಾದ ಬಣ್ಣ. ಪಕ್ಕದವರಿಗೆ ಎಚ್ಚರವಾಗದಂತೆ ನೀರು ಸದ್ದಿಲ್ಲದೆ ಬೀಳುವ ಬೇಸಿನ್ನು. ನಾನು ಪ್ರತಿ ವಾರ್ಡಿನ ಸೈಟಿನಲ್ಲೂ ಒಮ್ಮೆ ನೆಲದ ಮೇಲೆ ಅಂಗಾತ ಮಲಗಿ ನೋಡುತ್ತೇನೆ. ಟ್ಯೂಬ್‌ಲೈಟು ನೇರ ಕಣ್ಣಿಗೆ ಬೀಳುವುದು ಆಗಲೇ ತಿಳಿಯುವುದು. ಎಲೆಕ್ಟ್ರಿಷಿಯನ್ನುಗಳಿಗೆ ಇದು ತಮಾಷೆ.

ನಿಮ್ಮಿಂದ ಆದ ದೊಡ್ಡ ತಪ್ಪು ಯಾವುದು?

ಒಂದು ಎಂಆರ್‌ಐ ಕೋಣೆ. ಗೋಡೆಗೆ ತಾಮ್ರದ ಕವಚ, ನೆಲದ ಬಲ, ಎಲ್ಲ ಕಂಪನಿಯವರ ಪಟ್ಟಿಯಂತೆ ಮಾಡಿದ್ದೆ. ಟನ್‌ಗಟ್ಟಲೆ ತೂಗುವ ಆ ಅಯಸ್ಕಾಂತ ಲಾರಿಯಿಂದ ಇಳಿದು ಯಾವ ದಾರಿಯಲ್ಲಿ ಒಳಗೆ ಬರುತ್ತದೆ ಅಂತ ಮಾತ್ರ ಯೋಚಿಸಿರಲಿಲ್ಲ. ಹೊಸ ಗೋಡೆ ಒಡೆಸಬೇಕಾಯಿತು. ಈಗ ಹೊರಗೋಡೆಯಲ್ಲಿ ಅಷ್ಟಗಲ ಬರೀ ಬ್ಲಾಕಿನಿಂದ ಮುಚ್ಚಿರುತ್ತೇನೆ. ಮುಂದೆ ಯಂತ್ರ ಬದಲಿಸುವಾಗಲೂ ಅದೇ ಬಾಗಿಲು.

ಅದಕ್ಕಿಂತ ಕಾಡುವುದು ಒಂದು ರ‍್ಯಾಂಪು. 1:12ರ ಇಳಿಜಾರು, ಅಂದರೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ, ಸರಿಯಾಗಿತ್ತು. ಒಂದು ಮಹಡಿ 3.6 ಮೀಟರು ಅಂದರೆ ಸುಮಾರು 43 ಮೀಟರು ಉದ್ದದ ರ‍್ಯಾಂಪು, ಅದಕ್ಕೆ ಜಾಗ ಹೊಂದಿಸಿದ್ದೇ ದೊಡ್ಡ ಸಾಧನೆ ಅಂದುಕೊಂಡಿದ್ದೆ. ತಿರುವಿನಲ್ಲಿ ಬಿಟ್ಟದ್ದು ಒಂದೂವರೆ ಮೀಟರು. ಗಾಲಿಕುರ್ಚಿ ತಿರುಗುತ್ತದೆ, ಎರಡು ಮೀಟರ್ ಉದ್ದದ ಸ್ಟ್ರೆಚರ್ ಟ್ರಾಲಿ ತಿರುಗುವುದಿಲ್ಲ. ಆರು ತಿಂಗಳಿಗೆ ಮೂಲೆಯ ಗಾರೆ ಉದುರಿ ಇಟ್ಟಿಗೆ ಕಾಣುತ್ತಿತ್ತು. ವಾರ್ಡ್ ಬಾಯ್ ಒಬ್ಬರು ಕೋಪವಿಲ್ಲದೆ, ಬೆರಳಿಟ್ಟು ತೋರಿಸಿದರು: "ಇಲ್ಲಿ ಪೇಷೆಂಟ್ ಕಾಲು ತಾಗುತ್ತೆ ಮೇಡಂ. ನಾವು ಕೈ ಅಡ್ಡ ಇಡ್ತೀವಿ."

ಬೆಂಕಿ, ಭೂಕಂಪಕ್ಕೆ ಏನು ಮಾಡ್ತೀರಿ?

ಭೂಕಂಪದ ಲೆಕ್ಕದಲ್ಲಿ ಶಾಲೆ, ಆಸ್ಪತ್ರೆಗಳನ್ನು ಮಾಮೂಲಿ ಮನೆಗಿಂತ ಒಂದೂವರೆ ಪಟ್ಟು ಬಲಕ್ಕೆ ಕಟ್ಟಬೇಕು ಅಂತ ಭೂಕಂಪದ ಭಾರತೀಯ ಮಾನಕ ಐಎಸ್ 1893 ಹೇಳುತ್ತದೆ. ಕಾರಣ ಸರಳ, ಊರೆಲ್ಲ ಬಿದ್ದ ದಿನ ಗಾಯಗೊಂಡವರನ್ನು ಒಯ್ಯಬೇಕಾದ್ದು ಅಲ್ಲಿಗೇ. 2001ರ ಜನವರಿ 26ರಂದು ಭುಜ್‌ನಲ್ಲಿ ಮೊದಲು ಕುಸಿದವುಗಳಲ್ಲಿ ಜಿಲ್ಲಾಸ್ಪತ್ರೆಯೂ ಇತ್ತು. ಅಲ್ಲಿ ಮತ್ತೆ ಕಟ್ಟಿದ ಆಸ್ಪತ್ರೆ ರಬ್ಬರು ಸೀಸದ ಬೇರಿಂಗುಗಳ ಮೇಲೆ ಕೂತಿದೆ.

ಬೆಂಕಿಯಲ್ಲಿ ನಮ್ಮ ದೊಡ್ಡ ಶತ್ರು ಬೀಗ. 2004ರ ಜುಲೈನಲ್ಲಿ ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ಸತ್ತರು; ಗರಿಯ ಮಾಡು, ಕಿರಿದಾದ ದಾರಿ. 2010ರಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ. 2011ರ ಡಿಸೆಂಬರಿನಲ್ಲಿ ಕೋಲ್ಕತ್ತದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಹತ್ತಿದ ಬೆಂಕಿಯ ಹೊಗೆ ಮೇಲಿನ ವಾರ್ಡುಗಳಿಗೆ ನುಗ್ಗಿ ಸುಮಾರು 90 ಜನ. ಐಸಿಯು ರೋಗಿಯನ್ನು ಮೆಟ್ಟಿಲಿಳಿಸಿ ಓಡಿಸಲಾಗದು. ಹಾಗಾಗಿ ಆಸ್ಪತ್ರೆಯ ಪ್ರತಿ ಮಹಡಿಯನ್ನೂ ಬೆಂಕಿ ತಡೆಯುವ ಗೋಡೆ ಬಾಗಿಲಿನಿಂದ ಎರಡು ಭಾಗ ಮಾಡಿ, ಹಾಸಿಗೆ ಸಮೇತ ಪಕ್ಕದ ಭಾಗಕ್ಕೆ ತಳ್ಳುವಂತಿರಬೇಕು. ಇಷ್ಟನ್ನೂ ಮಾಡಿಕೊಟ್ಟು ಬಂದ ಮೇಲೆ ಯಾರೋ ಆ ಬಾಗಿಲಿಗೆ ಗ್ರಿಲ್ ಹಾಕಿಸಿ ಬೀಗ ಜಡಿದಿರುತ್ತಾರೆ, ಕಳ್ಳರ ಕಾಟ ಅಂತ. ಆ ಬೀಗ ಕಂಡರೆ ನಾನು ಜಗಳವಾಡುತ್ತೇನೆ, ಮಾನ ಮರ್ಯಾದೆ ನೋಡದೆ.

## ಇಲಾಖೆ, ಟೆಂಡರ್, ಆಮೇಲಿನದು

ಸರ್ಕಾರಿ ಕೆಲಸ ಸಿಗೋದು ಹೇಗೆ?

ಆಡಳಿತಾತ್ಮಕ ಅನುಮೋದನೆ, ಎಸ್.ಆರ್. (ಇಲಾಖೆಯ ದರಪಟ್ಟಿ) ಮೇಲೆ ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕರಾರು, ಕಾರ್ಯಾದೇಶ: ಕಟ್ಟಡದ ಜಾತಕ ಇದು. ಎಲ್ಲ 1999ರ ಪಾರದರ್ಶಕತೆ ಕಾಯ್ದೆಯ ಕೆಳಗೆ, ಆನ್‌ಲೈನಿನಲ್ಲಿ. ಆರ್ಕಿಟೆಕ್ಟ್ ಆಯ್ಕೆ ಎರಡು ರೀತಿ. ಅನುಭವಕ್ಕೂ ವಿನ್ಯಾಸಕ್ಕೂ ಅಂಕ ಕೊಟ್ಟು ದರವನ್ನು ಅದರ ಜೊತೆ ತೂಗುವುದು ಒಂದು. ಬರೀ ದರ ನೋಡಿ ಎಲ್-1ಗೆ, ಅಂದರೆ ಎಲ್ಲರಿಗಿಂತ ಕಮ್ಮಿ ಕೇಳಿದವರಿಗೆ, ಕೊಡುವುದು ಇನ್ನೊಂದು. ಎಲ್-1ನಲ್ಲಿ ಗೆದ್ದವನು ಸೈಟಿಗೆ ಹೋಗುವ ಪೆಟ್ರೋಲನ್ನೂ ಉಳಿಸಬೇಕಾಗುತ್ತದೆ, ಹಳೆಯ ನಕ್ಷೆಯ ಹೆಸರು ಬದಲಿಸಿ ಕೊಡುತ್ತಾನೆ. ಹೊಸಬರಿಗೆ ನನ್ನ ಸಲಹೆ: ಮೊದಲು ಟ್ರಸ್ಟ್ ಶಾಲೆ, ಮಿಷನ್ ಆಸ್ಪತ್ರೆಗಳ ಸಣ್ಣ ಸೇರ್ಪಡೆ ಕೆಲಸ ಮಾಡಿ. ಟೆಂಡರಿಗೆ ಬೇಕಾದ ಅನುಭವ ಪತ್ರ ಅಲ್ಲಿಂದಲೇ ಬರುವುದು.

ಕಮಿಷನ್ ಕೊಡ್ದೆ ಆಗುತ್ತಾ?

ಆಗುತ್ತದೆ, ನಿಧಾನ ಆಗುತ್ತದೆ. ನನ್ನ ಒಂದು ಬಿಲ್ಲು ಹದಿನಾಲ್ಕು ತಿಂಗಳು ಮೇಜಿಂದ ಮೇಜಿಗೆ ಓಡಾಡಿತು. ಒಂದು ಕೆಲಸವನ್ನು ಅರ್ಧಕ್ಕೇ ಬಿಟ್ಟು ಬಂದೆ. ಅದೇ ಇಲಾಖೆಗಳಲ್ಲಿ, ಭಾನುವಾರವೂ ಸೈಟಿಗೆ ಬಂದು ಸೆಂಟ್ರಿಂಗ್ ಕೆಳಗೆ ತಾವೇ ನುಗ್ಗಿ ನೋಡುವ ಜೂನಿಯರ್ ಎಂಜಿನಿಯರುಗಳನ್ನೂ ಕಂಡಿದ್ದೇನೆ. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯುವುದಿಲ್ಲ.

ಹೊಸ ಕಟ್ಟಡ ಉದ್ಘಾಟನೆಯಾದ ವರ್ಷವೇ ಸೋರುತ್ತಲ್ಲ, ಯಾರ ತಪ್ಪು?

ಹತ್ತರಲ್ಲಿ ಏಳು ಸಲ ಮೂರು ಜಾಗ. ತಾರಸಿಯ ನೀರು ಹೋಗುವ ಬಾಯಿ: ಇಳಿಜಾರು ಸಾಲದು, ಕೊಳವೆ ಸಣ್ಣದು, ಎಲೆ ಕಟ್ಟಿರುತ್ತದೆ. ಪ್ಯಾರಪಿಟ್ ಗೋಡೆ ತಾರಸಿಗೆ ಕೂಡುವ ಮೂಲೆ: ಅಲ್ಲಿ ಗಾರೆಯನ್ನು ಬಳುಕಿಸಿ ಗೋಲಾಗಿ ಎಳೆಯಬೇಕು, ಆತುರದಲ್ಲಿ ಬಿಟ್ಟಿರುತ್ತಾರೆ. ಮೂರನೆಯದು ಮೇಲಿನ ಮಹಡಿಯ ಶೌಚಾಲಯ. ಮಾರ್ಚ್ 31ರೊಳಗೆ ಬಿಲ್ಲು ಎತ್ತಲು ಕ್ಯೂರಿಂಗನ್ನು, ಅಂದರೆ ನೀರುಣಿಸುವುದನ್ನು, ನಾಲ್ಕು ದಿನಕ್ಕೆ ಮುಗಿಸಿದ ಕಾಂಕ್ರೀಟು ಇದಕ್ಕೆಲ್ಲ ಮೇಳೈಸುತ್ತದೆ. ನಮ್ಮ ತಪ್ಪೂ ಇದೆ. ಮಲೆನಾಡಿನಲ್ಲಿ ಚಪ್ಪಟೆ ತಾರಸಿ ಬರೆಯುವ ಆರ್ಕಿಟೆಕ್ಟುಗಳಿಗೆ ನೆಂಟರ ಮನೆ ಕೂಡ ಅಲ್ಲಿಲ್ಲವೇನೋ. ಕಟ್ಟಲು ಕೋಟಿ ಕೊಡುವ ಕಡೆ, ಮಳೆಗೆ ಮುಂಚೆ ತಾರಸಿ ಗುಡಿಸುವವರ ಕೂಲಿಗೆ ಬಜೆಟ್ಟಿನಲ್ಲಿ ತಲೆಬರಹವೇ ಇರುವುದಿಲ್ಲ.

ಕರ್ನಾಟಕದಲ್ಲಿ ಯಾವ ಕಟ್ಟಡ ನೋಡಿ ಕಲೀಬೇಕು?

ಬೆಂಗಳೂರಿನ ಐಐಎಸ್‌ಸಿ ಆವರಣದಿಂದ ಶುರು ಮಾಡಿ. ಓಟೊ ಕ್ಯೋನಿಗ್ಸ್‌ಬರ್ಗರ್ ನಾಜಿಗಳಿಂದ ತಪ್ಪಿಸಿಕೊಂಡು ಬಂದ ಜರ್ಮನ್ ಯಹೂದಿ. 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಲೋಹಶಾಸ್ತ್ರ ವಿಭಾಗದ ಅವರ ಕಟ್ಟಡದ ಮುಂದೆ ಮಧ್ಯಾಹ್ನ ನಿಂತು ಸಜ್ಜಾಗಳ ನೆರಳು ಎಲ್ಲಿ ಬೀಳುತ್ತದೆ ನೋಡಿ. ಇಲ್ಲಿನ ಬಿಸಿಲು ಮಳೆಯಲ್ಲಿ ಕಲಿತದ್ದನ್ನು ಅವರು ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ಕಟ್ಟಡಗಳ ಪಾಠವಾಗಿ ವರ್ಷಗಟ್ಟಲೆ ಹೇಳಿದರು. ಭುವನೇಶ್ವರ ನಗರದ ಯೋಜನೆಯೂ ಅವರದೇ.

ಆಮೇಲೆ ಬನ್ನೇರುಘಟ್ಟ ರಸ್ತೆಯ ಐಐಎಂ. ಬಿ.ವಿ. ದೋಶಿ ಅಲ್ಲಿ ಬೂದು ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ಉದ್ದನೆಯ ಓಣಿಗಳಲ್ಲಿ ತರಗತಿಗಿಂತ ತರಗತಿಗೆ ಹೋಗುವ ದಾರಿಯನ್ನು ಮುಖ್ಯ ಮಾಡಿದ್ದಾರೆ. ಇವೆರಡರ ಜೊತೆಗೆ ನಿಮ್ಮದೇ ಊರಿನ ಹಳೆಯ ಹೆಂಚಿನ ಶಾಲೆ ನೋಡಿ. ಟೇಪು ತೆಗೆದುಕೊಂಡು ಹೋಗಿ, ಕಿಟಕಿಯ ಎತ್ತರ ಅಳೆದು ಬರೆದುಕೊಳ್ಳಿ.

ಕಟ್ಟಿ ಮುಗಿದ ಮೇಲೆ ವಾಪಸ್ ಹೋಗಿ ನೋಡ್ತೀರಾ?

ಕರಾರಿನಲ್ಲಿ ಇಲ್ಲ, ಯಾರೂ ದುಡ್ಡು ಕೊಡುವುದಿಲ್ಲ. ಆದರೂ ಮೊದಲ ಮಳೆಗಾಲ ಮುಗಿದ ಮೇಲೆ ಒಮ್ಮೆ, ಐದು ವರ್ಷಕ್ಕೆ ಒಮ್ಮೆ ಹೋಗುತ್ತೇನೆ. ಮುಂಚೆಯೇ ಹೇಳಿ ಹೋದರೆ ಗುಡಿಸಿ ಹೂಗುಚ್ಛ ಇಟ್ಟಿರುತ್ತಾರೆ, ಅದರಿಂದ ಉಪಯೋಗವಿಲ್ಲ. ಹೇಳದೆ ಹೋಗಿ, ಮೊದಲು ಗುಡಿಸುವವರನ್ನು ಹುಡುಕುತ್ತೇನೆ. ಯಾವ ಮೂಲೆಗೆ ಪೊರಕೆ ಹೋಗುವುದಿಲ್ಲ, ಯಾವ ನಲ್ಲಿ ಕೆಟ್ಟಿದೆ, ಯಾವ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ ಎಲ್ಲ ಅವರ ಬಾಯಲ್ಲೇ ಇರುತ್ತದೆ.

ಹೊಗೆಯ ಕಥೆ ಹೇಳಿದೆನಲ್ಲ, ಆ ಶಾಲೆಗೆ ಹೋದ ವರ್ಷ ಹೋಗಿದ್ದೆ. ಒಲೆ ಹೋಗಿ ಗ್ಯಾಸ್ ಬಂದು ಎಷ್ಟೋ ವರ್ಷವಾಗಿದೆ. ಐದನೇ ಕ್ಲಾಸಿನ ಪಶ್ಚಿಮದ ಎರಡು ಕಿಟಕಿಗೆ ಅಂದು ಹೊಡೆದ ಹಲಗೆ ಹಾಗೇ ಇತ್ತು. ಯಾಕೆ ತೆಗೆದಿಲ್ಲ ಅಂತ ಕೇಳಿದೆ. ಈಗಿನ ಮೇಷ್ಟ್ರಿಗೆ ಅಲ್ಲಿ ಕಿಟಕಿ ಇರುವುದೇ ಗೊತ್ತಿರಲಿಲ್ಲ. ಅಡುಗೆಯವರ ಹತ್ತಿರ ಸುತ್ತಿಗೆ ಇಸಿದುಕೊಂಡು, ಇಬ್ಬರೂ ಸೇರಿ ಮೊಳೆ ಕಿತ್ತೆವು.